ಪರದೆ ಬರೆಯುವುದಕ್ಕೂ ಮುಂಚಿನ ಕೆಲಸ

ಆ್ಯಪ್‌ಗಳ ಪರದೆ ರೂಪಿಸುವ ಡಿಸೈನ್ ಏಜೆನ್ಸಿಗೆ ಬರುವ ಕಂಪನಿಯವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ‘ಒಂದು ಸ್ಕ್ರೀನಿಗೆ ಎಷ್ಟು?’ ಎಂದು. ಬಜೆಟ್ ಹಾಕಬೇಕಲ್ಲ, ಕೇಳಲಿ. ಆದರೆ ಸ್ಕ್ರೀನ್ ಲೆಕ್ಕದಲ್ಲಿ ಕೊಟೇಶನ್ ಕೊಟ್ಟ ಏಜೆನ್ಸಿಗೆ ಸ್ಕ್ರೀನ್ ಕಡಿಮೆ ಮಾಡುವ ಮನಸ್ಸು ಎಲ್ಲಿಂದ ಬರಬೇಕು? ಆ್ಯಪ್ ಬಳಸುವವರಿಗೆ ಎಷ್ಟೋ ಸಲ ಬೇಕಾಗಿರುವುದು ಅದೇ.

ಯುಪಿಐಯನ್ನೇ ನೋಡಿ. 2016ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ತರಕಾರಿ ಅಂಗಡಿಯವರ ತೊಂದರೆ ಆ್ಯಪಿನ ಬಣ್ಣ, ಬಟನ್‌ಗಳದ್ದಾಗಿರಲಿಲ್ಲ. ಸಂಜೆ ವ್ಯಾಪಾರ ಜೋರು, ಕೈ ತುಂಬ ಕೆಲಸ. ಗಿರಾಕಿ ‘ಹಾಕಿದೀನಿ ಅಣ್ಣ’ ಅಂತ ಫೋನ್ ತೋರಿಸಿ ಹೊರಟೇಬಿಡುತ್ತಾನೆ. ದುಡ್ಡು ನಿಜಕ್ಕೂ ಬಂತೋ, ತೋರಿಸಿದ್ದು ನಿನ್ನೆಯ ಸ್ಕ್ರೀನ್‌ಶಾಟೋ? ಉತ್ತರ ಸಿಕ್ಕಿದ್ದು ಗಲ್ಲಾ ಪಕ್ಕದಲ್ಲಿ ಕೂತು ಮೊತ್ತವನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್‌ನಲ್ಲಿ. ಅಂಗಡಿ ಮುಂದೆ ಒಂದು ಸಂಜೆ ನಿಂತು ನೋಡದವರಿಗೆ ಇಂಥದ್ದು ಹೊಳೆಯುವುದು ಕಷ್ಟ.

‘ಕಲೆಕ್ಟ್ ರಿಕ್ವೆಸ್ಟ್’ ಕಥೆ ಇನ್ನೂ ಪಾಠದಾಯಕ. ಆನ್‌ಲೈನಿನಲ್ಲಿ ಹಳೇ ಸೋಫಾ ಮಾರಲು ಹಾಕಿದವರಿಗೆ ವಂಚಕ ಹಣ ಕೇಳುವ ವಿನಂತಿ ಕಳಿಸಿ, ‘ದುಡ್ಡು ಬರಬೇಕಾದ್ರೆ ಪಿನ್ ಹಾಕಿ ಸರ್’ ಅನ್ನುತ್ತಿದ್ದ. ಪಿನ್ ಹಾಕಿದರೆ ದುಡ್ಡು ಬರುವುದಲ್ಲ, ಹೋಗುವುದು. ಪಿನ್ ಹಾಕುವ ಪುಟ ಆಯಾ ಆ್ಯಪಿನದಲ್ಲ, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಒದಗಿಸುವುದು. ಹಾಗಾಗಿ ಆ್ಯಪ್‌ನವರ ಕೈಲಿದ್ದದ್ದು ಅದಕ್ಕೂ ಮುಂಚೆ ಎಚ್ಚರಿಕೆಯ ಸಾಲು ಹಾಕುವುದಷ್ಟೇ. ಅವಸರದಲ್ಲಿರುವವರು ಅದನ್ನೆಲ್ಲ ಓದುವುದಿಲ್ಲ. ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಈ ವಿನಂತಿಯನ್ನೇ 2025ರ ಅಕ್ಟೋಬರ್‌ನಿಂದ ನಿಲ್ಲಿಸಲಾಯಿತು. ‘ಈ ಸೌಲಭ್ಯವನ್ನೇ ತೆಗೆಯಿರಿ’ ಎಂದು ವರದಿ ಬರೆಯುವುದೂ ಡಿಸೈನೇ. ಅದಕ್ಕೆ ಬಿಲ್ ಮಾಡುವುದು ಹೇಗೆ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಜನರ ಜೊತೆ ಮಾಡುವ ಪರೀಕ್ಷೆಗೆ. ನಮ್ಮ ಕಡೆ ಪರೀಕ್ಷೆ ಮಾಡುವುದಕ್ಕೂ ಸ್ವಲ್ಪ ಉಪಾಯ ಬೇಕು. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ ಸರ್’ ಅನ್ನುತ್ತಾರೆ. ಬಂದವರ ಮನಸ್ಸು ನೋಯಿಸಬಾರದು ಎಂಬ ಸೌಜನ್ಯ. ಅದಕ್ಕೇ ಅಭಿಪ್ರಾಯ ಕೇಳದೆ ಕೆಲಸ ಕೊಡುತ್ತೇವೆ: ‘ಮಗಳಿಗೆ 500 ರೂಪಾಯಿ ಕಳಿಸಿ ನೋಡೋಣ.’ ಆಮೇಲೆ ಬಾಯಿ ಮುಚ್ಚಿ ಕೂತು, ಹೆಬ್ಬೆರಳು ಎಲ್ಲಿ ತಡೆಯುತ್ತದೆ, ಯಾವಾಗ ಪಕ್ಕದವರ ಮುಖ ನೋಡುತ್ತಾರೆ ಎಂದು ಬರೆದುಕೊಳ್ಳುವುದು. ಎದುರಿಗೆ ಕೂತ ಕಂಪನಿಯವರು ‘ಅಲ್ಲೇ ಇದೆ ನೋಡಿ ಅಮ್ಮ’ ಎಂದು ಬಾಯಿ ಹಾಕದಂತೆ ತಡೆಯುವುದೇ ದೊಡ್ಡ ಕೆಲಸ.

ಐದು ಜನರ ಪರೀಕ್ಷೆ ಸಾಕು ಎಂಬ ಮಾತು ಈ ರಂಗದಲ್ಲಿ ಬಹಳ ಓಡಾಡುತ್ತದೆ. ಅದರ ಮೂಲ, ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ ಮತ್ತು ಟಾಮ್ ಲ್ಯಾಂಡವರ್ ಅವರ ಲೆಕ್ಕ: ಒಬ್ಬರಿಂದ ಸರಾಸರಿ ಶೇ 31ರಷ್ಟು ತೊಡಕು ಬಯಲಾದರೆ, ಐವರಿಂದ ಸುಮಾರು ಶೇ 85. ಆದರೆ ಈ ಲೆಕ್ಕ ಒಂದೇ ಬಗೆಯ ಬಳಕೆದಾರರಿಗೆ. ಕೋರಮಂಗಲದ ಆಫೀಸಿನ ಐವರು ಪಾಸಾದರೆಂದು ಯಾದಗಿರಿಯ ರೈತರಿಗೆ ತಯಾರಾದ ಆ್ಯಪಿಗೆ ಸರ್ಟಿಫಿಕೇಟ್ ಕೊಡಲಾಗದು.

ಕನ್ನಡದ ಪಾಡು ಬೇರೆ. ಬಹುತೇಕ ಪರದೆಗಳು ಇಂಗ್ಲಿಷಿನಲ್ಲೇ ತಯಾರಾಗಿ, ಬಿಡುಗಡೆಗೆ ವಾರ ಇರುವಾಗ ಕನ್ನಡ ತುಂಬಲಾಗುತ್ತದೆ. ಬಟನ್ನಿನೊಳಗೆ ಪದ ಹಿಡಿಸುವುದಿಲ್ಲ, ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ಮೊದಲ ಕರಡಿನಲ್ಲೇ ಕನ್ನಡ ಹಾಕಿ ನೋಡಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿದ್ದ ಕೆಲಸ.

ಏಜೆನ್ಸಿ ಹುಡುಕುತ್ತಿದ್ದರೆ ಅವರ ಹಳೆಯ ಕೆಲಸದ ಚೆಂದದ ಚಿತ್ರಗಳನ್ನು ಪಕ್ಕಕ್ಕಿಡಿ. ಪರೀಕ್ಷೆಯ ನಂತರ ಏನನ್ನು ಕಿತ್ತುಹಾಕಿದಿರಿ ಎಂದು ಕೇಳಿ. ಯಾರ ಮುಂದೆ, ಯಾವ ಊರಿನಲ್ಲಿ ಪರೀಕ್ಷಿಸಿದಿರಿ ಎಂದೂ ಕೇಳಿ. ಆ್ಯಪ್ ಬಿಡುಗಡೆಯಾಗಿ ಮೂರು ತಿಂಗಳಾದ ಮೇಲೆ, ಜನ ಯಾವ ಹಂತದಲ್ಲಿ ಬಿಟ್ಟುಹೋಗುತ್ತಿದ್ದಾರೆಂದು ನೋಡಲು ಮತ್ತೆ ಬರುವ ಖರ್ಚನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.