ಸುಮ್ನೆ ನಿಂತ ಆಂಬುಲೆನ್ಸ್ ಮಾಡುವ ಕೆಲಸ

ನಮ್ಮ ಬಡಾವಣೆಯ ಸರ್ಕಲ್‌ನಲ್ಲಿ ಒಂದು ಹೊಂಗೆಮರ ಇದೆ. ಅದರ ನೆರಳಲ್ಲಿ 108ರ ಗಾಡಿ ನಿಂತಿರುತ್ತದೆ. ಮೂತಿ ಯಾವಾಗಲೂ ರಸ್ತೆ ಕಡೆಗೆ. ಅದನ್ನು ಓಡಿಸುವವರನ್ನು ಅಲ್ಲಿ ಪೈಲಟ್ ಅಂತಾರೆ. ಪೈಲಟ್ ಗಾಜು ಒರೆಸುತ್ತಿರುತ್ತಾರೆ. ಒಳಗೆ ಇಎಂಟಿ, ಅಂದರೆ ದಾರಿಯಲ್ಲಿ ತುರ್ತು ಚಿಕಿತ್ಸೆ ಕೊಡುವವರು, ಆಕ್ಸಿಜನ್ ಸಿಲಿಂಡರಿನ ಮುಳ್ಳು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುತ್ತಾರೆ. ಹೋದ ವಾರ ಅಲ್ಲೇ ಟೀ ಕುಡಿಯುವಾಗ ನಮ್ಮ ಬೀದಿಯ ಹಿರಿಯರೊಬ್ಬರು ಹೇಳಿದರು: "ನೋಡ್ರೀ, ಬೆಳಗ್ಗೆಯಿಂದ ಸುಮ್ನೆ ನಿಂತಿದೆ. ದುಡ್ಡು ದಂಡ. ಎರಡು ಗಾಡಿ ಕಮ್ಮಿ ಮಾಡಿ, ಇರೋದನ್ನ ಚೆನ್ನಾಗಿ ಓಡಿಸಬೇಕು."

ಆ ಮಾತು ಕೇಳಿ ನನಗೆ ಅವತ್ತೆಲ್ಲ ಸಮಾಧಾನ ಇರಲಿಲ್ಲ. ಕರ್ನಾಟಕದಲ್ಲಿ 108 ಶುರುವಾಗಿದ್ದು 2008ರ ನವೆಂಬರ್ 1ರಂದು. ಇಷ್ಟು ವರ್ಷ ಅದನ್ನು ಕಣ್ಣಾರೆ ನೋಡಿದವರೂ ಹೀಗೇ ಅಂದುಕೊಂಡಿದ್ದಾರೆ. ಖಾಲಿ ನಿಂತ ಬಸ್ಸು ನಷ್ಟ, ಖಾಲಿ ನಿಂತ ಲಾರಿ ನಷ್ಟ, ಹಾಗಾಗಿ ಖಾಲಿ ನಿಂತ ಆಂಬುಲೆನ್ಸೂ ನಷ್ಟ ಅನ್ನುವ ಲೆಕ್ಕ. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ನೋಡಿದರೆ ಗಣಿತದ ಒಂದು ತುಂಬಾ ಚಂದದ ಮೂಲೆಗೆ ಹೋಗಿ ಮುಟ್ಟುತ್ತೇವೆ.

ಮೊದಲ ಮಳೆ ಬೀಳುವಾಗ ಅಂಗಳದ ಸಿಮೆಂಟ್ ನೆಲ ನೋಡಿ. ಹನಿಗಳು ಸಾಲಾಗಿ, ಸಮ ಅಂತರದಲ್ಲಿ ಬೀಳುವುದಿಲ್ಲ. ಒಂದು ಕಡೆ ನಾಲ್ಕು ಹನಿ ಒತ್ತಾಗಿ, ಪಕ್ಕದಲ್ಲಿ ಒಂದು ಗೇಣು ಒಣ ನೆಲ. ಯಾವ ಹನಿಗೂ ಇನ್ನೊಂದು ಹನಿಯ ಸುದ್ದಿ ಗೊತ್ತಿಲ್ಲ, ಆದರೂ ಗುಂಪು ಕಟ್ಟಿದ ಹಾಗೆ ಕಾಣುತ್ತದೆ. ತುರ್ತು ಕರೆಗಳೂ ಹೀಗೇ. ಒಂದು ಊರಿನಿಂದ ಸರಾಸರಿ ಗಂಟೆಗೆ ಒಂದು ಕರೆ ಬರುತ್ತದೆ ಅಂದುಕೊಳ್ಳಿ. 100 ಗಂಟೆ ಎಣಿಸಿದರೆ ಸುಮಾರು 37 ಗಂಟೆಗಳಲ್ಲಿ ಒಂದು ಕರೆಯೂ ಇರುವುದಿಲ್ಲ. ಸುಮಾರು 26 ಗಂಟೆಗಳಲ್ಲಿ ಎರಡೋ ಮೂರೋ ಅದಕ್ಕಿಂತ ಜಾಸ್ತಿಯೋ ಇರುತ್ತವೆ. ಒಬ್ಬರಿಗೆ ಎದೆನೋವು, ಅದೇ ಹೊತ್ತಿಗೆ ಇನ್ನೊಬ್ಬರಿಗೆ ಹೆರಿಗೆ ನೋವು. ಬರೀ ಸರಾಸರಿ ನೋಡಿ ಒಂದೇ ಗಾಡಿ ಸಾಕು ಅಂದವರಿಗೆ ಈ 26 ಗಂಟೆಗಳು ಕಾಣುವುದೇ ಇಲ್ಲ.

ಇದನ್ನು ಲೆಕ್ಕ ಹಾಕಿ ತೋರಿಸಿದ ಒಂದು ಹಳೆಯ ಉದಾಹರಣೆ ನನಗೆ ಬಹಳ ಇಷ್ಟ. 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ವಿದ್ವಾಂಸ ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ ಪ್ರಕಟಿಸಿದ. ಅದರಲ್ಲಿ 10 ಸೇನಾದಳಗಳ 20 ವರ್ಷದ ಲೆಕ್ಕ ತೆಗೆದುಕೊಂಡು, ಒಂದು ದಳದ ಒಂದು ವರ್ಷಕ್ಕೆ ಒಂದು ಸಾಲು ಬರೆದರೆ ಒಟ್ಟು 200 ಸಾಲು, 122 ಸಾವು. 109 ಸಾಲುಗಳಲ್ಲಿ ಒಂದು ಸಾವೂ ಇಲ್ಲ. ಒಂದು ಸಾಲಿನಲ್ಲಿ ಮಾತ್ರ 4 ಸಾವು. ಆ ದಳದವರಿಗೆ ಆ ವರ್ಷ ತಮ್ಮ ಲಾಯಕ್ಕೆ ಯಾರದೋ ದೃಷ್ಟಿ ತಾಗಿದೆ ಅಂತ ಖಂಡಿತ ಅನ್ನಿಸಿರಬಹುದು. ಆದರೆ ಸುಮ್ನೆ ಆಕಸ್ಮಿಕವಾಗಿ ನಡೆದರೆ ಎಷ್ಟು ಸಾಲು ಖಾಲಿ, ಎಷ್ಟರಲ್ಲಿ ಒಂದು, ಎಷ್ಟರಲ್ಲಿ ಎರಡು ಇರಬೇಕೋ ಹೆಚ್ಚುಕಮ್ಮಿ ಅಷ್ಟೇ ಇತ್ತು.

ನಮ್ಮಲ್ಲೂ ಒಂದೇ ತಿರುವಿನಲ್ಲಿ ಒಂದೇ ವಾರ ಮೂರು ಅಪಘಾತ ಆದರೆ ಸಾಕು, ಜಾಗ ಸರಿಯಿಲ್ಲ ಅಂತ ಅಮಾವಾಸ್ಯೆಗೆ ಕುಂಬಳಕಾಯಿ ಒಡೆಯುತ್ತೇವೆ. ಆ ತಿರುವಿನಲ್ಲಿ ನಿಜವಾಗಿ ದೋಷ ಇದ್ದರೆ ಅದನ್ನು ಸರಿಮಾಡಬೇಕಾದವರು ರಸ್ತೆ ಇಂಜಿನಿಯರು. ದೋಷ ಇಲ್ಲದಿದ್ದರೆ ಆ ಮೂರೂ ಅಂಗಳದ ಮೇಲೆ ಒತ್ತಾಗಿ ಬಿದ್ದ ಹನಿಗಳು. ಹಾಗೆ ಒಡೆದ ಕುಂಬಳಕಾಯಿಯ ಮೇಲೆ ಬೈಕ್ ಜಾರಿ ಬಿದ್ದ ಹುಡುಗನನ್ನು ನಾನೇ ಎತ್ತಿ ಕೂರಿಸಿದ್ದೇನೆ. ಮೊಣಕೈ ತುಂಬಾ ಕುಂಕುಮ ಮೆತ್ತಿತ್ತು. ಅದರಲ್ಲಿ ರಕ್ತ ಯಾವುದು ಅಂತ ಗೊತ್ತಾಗಲು ನೀರು ಹಾಕಿ ತೊಳೆಯಬೇಕಾಯಿತು.

ಸರಿ, ಕರೆಗಳು ಗುಂಪಾಗಿ ಬರುತ್ತವೆ. ಅದರಿಂದೇನು? ಒಬ್ಬರೇ ಕೆಲಸ ಮಾಡುವ ಒಂದು ಕಟಿಂಗ್ ಶಾಪ್ ನೆನಪಿಸಿಕೊಳ್ಳಿ. ಒಂದು ತಲೆಗೆ ಸರಾಸರಿ 20 ನಿಮಿಷ, ಒಬ್ಬರಿಗೆ ಕಮ್ಮಿ, ಇನ್ನೊಬ್ಬರಿಗೆ ಜಾಸ್ತಿ. ಜನ ಹೇಳದೆ ಕೇಳದೆ ಬರುತ್ತಾರೆ. ಅವರ ಕತ್ತರಿ ದಿನದ ಅರ್ಧ ಹೊತ್ತು ಮಾತ್ರ ಆಡುತ್ತಿದ್ದರೆ ಬಂದವರು ಸರಾಸರಿ 20 ನಿಮಿಷ ಕಾಯುತ್ತಾರೆ. 100ಕ್ಕೆ 80 ಪಾಲು ಹೊತ್ತು ಆಡುತ್ತಿದ್ದರೆ 80 ನಿಮಿಷ. 90 ಪಾಲು ಆದರೆ 180 ನಿಮಿಷ. 95 ಆದರೆ 380 ನಿಮಿಷ, ಅಂದರೆ ಆರು ಗಂಟೆ ದಾಟಿತು! ಕೊನೆಯ ಲೆಕ್ಕ ಇನ್ನೊಮ್ಮೆ ನೋಡಿ. 90ರಿಂದ 95ಕ್ಕೆ ಹೋಗಿ ಅವರು ದುಡಿದದ್ದು ಐದೇ ಪಾಲು ಜಾಸ್ತಿ, ಕಾಯುವ ಹೊತ್ತು ಮಾತ್ರ ಎರಡು ಪಟ್ಟು ದಾಟಿತು. ಗುಂಪಾಗಿ ಬಂದವರನ್ನು ಕರಗಿಸಲು ಬಿಡುವಿನ ಹೊತ್ತು ಬೇಕು. ಬಿಡುವೇ ಇಲ್ಲದಿದ್ದರೆ ಒಂದು ಗುಂಪು ಕರಗುವ ಮೊದಲೇ ಇನ್ನೊಂದು ಬಂದು ಸೇರುತ್ತದೆ. ಅನ್ನದ ಪಾತ್ರೆಯಲ್ಲಿ ಮೇಲೆ ನಾಲ್ಕು ಬೆರಳು ಜಾಗ ಬಿಡುವುದು ಯಾಕೆ ಅಂತ ಅಡುಗೆಮನೆಯಲ್ಲಿ ಯಾರೂ ಕೇಳುವುದಿಲ್ಲ, ಅಲ್ವಾ? ಉಕ್ಕಲು ಜಾಗ ಬೇಕು. ಕೆರೆಗೆ ಕೋಡಿ ಬಿಟ್ಟಿರುವುದೂ ಅದಕ್ಕೇ. ವರ್ಷದಲ್ಲಿ ಬಹುಪಾಲು ದಿನ ಕೋಡಿ ಒಣಗೇ ಇರುತ್ತದೆ, ಅಂತ ಅದನ್ನು ಮುಚ್ಚಿದರೆ ಏರಿ ಒಡೆಯುತ್ತದೆ.

ಹೀಗೆ ಕಾಯುವ ಸಾಲಿನ, ಅಂದರೆ ಕ್ಯೂನ, ಗಣಿತಕ್ಕೆ ಬುನಾದಿ ಹಾಕಿದ್ದು ಎರ್ಲಾಂಗ್ ಎಂಬ ಡೆನ್ಮಾರ್ಕಿನ ಮೇಷ್ಟ್ರು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಸೇರಿ, ಎಷ್ಟು ಲೈನು ಇದ್ದರೆ ಎಷ್ಟು ಜನ ಕಾಯಬೇಕಾಗುತ್ತದೆ ಅನ್ನುವ ಪ್ರಶ್ನೆ ಕೈಗೆತ್ತಿಕೊಂಡರು. ಮೊದಲ ಲೇಖನ ಬಂದದ್ದು 1909ರಲ್ಲಿ. ಏಣಿ ಹೊತ್ತ ಒಬ್ಬ ಕೆಲಸಗಾರನನ್ನು ಜೊತೆಗೆ ಕರೆದುಕೊಂಡು, ಬೀದಿಯ ಮ್ಯಾನ್‌ಹೋಲ್‌ಗಳಿಗೆ ಇಳಿದು ಅಳತೆ ಮಾಡುತ್ತಿದ್ದರಂತೆ. ಇವತ್ತೂ ಟೆಲಿಫೋನ್ ದಟ್ಟಣೆ ಅಳೆಯುವ ಮಾನಕ್ಕೆ ಅವರದೇ ಹೆಸರು. 108ಕ್ಕೆ, 112ಕ್ಕೆ ಫೋನ್ ಎತ್ತಲು ಎಷ್ಟು ಜನ ಕೂರಬೇಕು ಅಂತ ಎಣಿಸಲೂ ಬೇಕಾಗುವುದು ಇದೇ ಗಣಿತ.

ಆದರೆ ಆಂಬುಲೆನ್ಸು, ಫೈರ್ ಇಂಜಿನ್ನು ಕಟಿಂಗ್ ಶಾಪಿನ ಹಾಗೆ ಒಂದೇ ಕಡೆ ಕೂತಿರುವುದಿಲ್ಲ. ಅವು ಊರೆಲ್ಲ ಹರಡಿರುತ್ತವೆ. ಇಲ್ಲಿ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. 1960ರ ದಶಕದ ಕೊನೆಗೆ ನ್ಯೂಯಾರ್ಕ್ ನಗರದಲ್ಲಿ ಬೆಂಕಿಯ ಕರೆಗಳು ವಿಪರೀತ ಏರಿದ್ದವು. ಆಗ ಅಲ್ಲಿನ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯವರು ಈ ಸಮಸ್ಯೆಗೆ ಕೈಹಾಕಿದರು. 1973ರಲ್ಲಿ ಆ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಕೊಲೆಸರ್ ಮತ್ತು ಬ್ಲಮ್ ಒಂದು ಸರಳ ನಿಯಮ ಕೊಟ್ಟರು: ಗಾಡಿ ಕ್ರಮಿಸಬೇಕಾದ ದೂರ, ಆ ಕ್ಷಣಕ್ಕೆ ಖಾಲಿ ಇರುವ ಗಾಡಿಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ಒಂದು ಚೌಕಾಕಾರದ ಊರಿನಲ್ಲಿ 16 ಗಾಡಿ ಖಾಲಿ ಇದ್ದರೆ ನಾಲ್ಕು ಅಡ್ಡ, ನಾಲ್ಕು ಉದ್ದ ನಿಲ್ಲಿಸಬಹುದು. 12 ಕೆಲಸಕ್ಕೆ ಹೋಗಿ 4 ಉಳಿದರೆ ಎರಡು ಅಡ್ಡ, ಎರಡು ಉದ್ದ. ಪ್ರತಿ ಗಾಡಿಯ ಪಾಲಿಗೆ ಬರುವ ಜಾಗ ನಾಲ್ಕು ಪಟ್ಟು, ದೂರ ಎರಡು ಪಟ್ಟು. ಊರಲ್ಲಿ ಗಾಡಿ ಎಷ್ಟಿವೆ ಅನ್ನುವುದಕ್ಕಿಂತ ಈಗ ಎಷ್ಟು ಖಾಲಿ ನಿಂತಿವೆ ಅನ್ನುವುದೇ ಮುಖ್ಯ. ಹೃದಯ ನಿಂತ ಮನುಷ್ಯನ ಎದೆ ಒತ್ತಲು ಯಾರೂ ಇಲ್ಲದಿದ್ದರೆ ಬದುಕುವ ಅವಕಾಶ ಪ್ರತಿ ನಿಮಿಷಕ್ಕೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ. ಎರಡು ಪಟ್ಟು ದೂರ ಅಂದರೆ ಏನು ಅಂತ ಇದರಿಂದಲೇ ಅಳೆಯಬೇಕು.

ಅದೇ ರ‍್ಯಾಂಡ್ ಲೆಕ್ಕಗಳನ್ನು ಮುಂದಿಟ್ಟುಕೊಂಡೇ ನ್ಯೂಯಾರ್ಕ್ 1970ರ ದಶಕದಲ್ಲಿ ಹಲವು ಅಗ್ನಿಶಾಮಕ ತಂಡಗಳನ್ನು ಮುಚ್ಚಿತು, ಅದೂ ಬಡವರ ಬೀದಿಗಳಲ್ಲಿ. ಒಳ್ಳೆಯ ಗಣಿತವೂ ಉಳಿತಾಯದ ಆತುರದಲ್ಲಿ ಇರುವವರ ಕೈಗೆ ಸಿಕ್ಕರೆ ಹೀಗಾಗುತ್ತದೆ. ನನ್ನ ಚಿಂತೆ ಇರುವುದೂ ಇಲ್ಲೇ.

ಖಾಲಿ ಗಾಡಿಗಳನ್ನು ನುಂಗುವ ಇನ್ನೊಂದು ಜಾಗ ಆಸ್ಪತ್ರೆಯ ಬಾಗಿಲು. ಕ್ಯಾಶುವಾಲ್ಟಿಯಲ್ಲಿ ಬೆಡ್ ಇಲ್ಲದಿದ್ದರೆ ರೋಗಿ ಗಾಡಿಯ ಸ್ಟ್ರೆಚರ್ ಮೇಲೇ ಮಲಗಿರುತ್ತಾರೆ. ಸ್ಟ್ರೆಚರ್ ವಾಪಸ್ ಸಿಗುವವರೆಗೆ ಗಾಡಿ ಕದಲುವ ಹಾಗಿಲ್ಲ. ನನ್ನ ಚಿಕ್ಕಮ್ಮನನ್ನು ಸೇರಿಸಿದ ರಾತ್ರಿ ಒಂದು ಆಸ್ಪತ್ರೆಯ ಮುಂದೆ ಇಂಥ ಮೂರು ಗಾಡಿ ನಿಂತಿದ್ದವು. ದೂರದಿಂದ ನೋಡಿದವರಿಗೆ ಅವೂ ಹೊಂಗೆಮರದ ಕೆಳಗಿನ ಗಾಡಿಯ ಹಾಗೇ ಸುಮ್ನೆ ನಿಂತಿವೆ ಅನ್ನಿಸುತ್ತಿತ್ತು. ಅದು ಕರೆಗೆ ಓಡಲು ತಯಾರಾಗಿ ನಿಂತದ್ದು, ಇವು ಓಡಲಾರದೆ ನಿಂತದ್ದು.

ಗಾಡಿ ಕಮ್ಮಿ ಬಿದ್ದಾಗ ಕಂಟ್ರೋಲ್ ರೂಮಿನವರು ಇನ್ನೊಂದು ಕೆಲಸ ಮಾಡಬಹುದು. ಒಂದು ಕಡೆಯ ಗಾಡಿ ಹೊರಟ ಕೂಡಲೇ ಆ ಭಾಗ ಬರಿದಾಗುತ್ತದೆ. ಆಗ ಪಕ್ಕದ ಗಾಡಿಯನ್ನು ಯಾವ ಕರೆಯೂ ಇಲ್ಲದೆ ಅಲ್ಲಿಗೆ ಸರಿಸುವುದು. ಯಾವುದನ್ನು, ಎಲ್ಲಿಗೆ ಅಂತ ಕಂಪ್ಯೂಟರಿಂದ ಲೆಕ್ಕ ಹಾಕುವ ದಾರಿಯನ್ನು ಫೈರ್ ಇಂಜಿನ್‌ಗಳಿಗಾಗಿ ಕೊಲೆಸರ್ ಮತ್ತು ವಾಕರ್ 1974ರಲ್ಲೇ ತೋರಿಸಿದ್ದರು.

ಮೊನ್ನೆ ಸಂಜೆ ಮತ್ತೆ ಅದೇ ಟೀ ಅಂಗಡಿಯಲ್ಲಿದ್ದೆ. ಪೈಲಟ್ ಕೈಯಲ್ಲಿದ್ದ ಲೋಟ ಅರ್ಧಕ್ಕೇ ಕಟ್ಟೆ ಮೇಲೆ ಇಟ್ಟು ಓಡಿದರು. ಸೈರನ್ ಮುಖ್ಯರಸ್ತೆ ತಿರುಗಿದ ಮೇಲೂ ಸ್ವಲ್ಪ ಹೊತ್ತು ಕೇಳಿಸಿತು. ಮರದ ಕೆಳಗೆ ಒಣಗಿದ ಎಣ್ಣೆ ಕಲೆ ಮಾತ್ರ ಉಳಿಯಿತು. ಇಪ್ಪತ್ತು ನಿಮಿಷ ಆಗಿರಬಹುದು, ಇನ್ನೊಂದು 108 ಸೈರನ್ ಇಲ್ಲದೆ ನಿಧಾನಕ್ಕೆ ಬಂತು. ಬಾಗಿಲ ಮೇಲೆ ಪಕ್ಕದ ಹೋಬಳಿಯ ಹೆಸರಿತ್ತು. ಹಿಂದೆ ಮುಂದೆ ಮಾಡಿ, ಮೂತಿ ರಸ್ತೆ ಕಡೆಗೆ ತಿರುಗಿಸಿ, ಅದೇ ನೆರಳಲ್ಲಿ ನಿಂತಿತು.