ಡೈನೋಸಾರ್ ಮೂಳೆ ಸಿಕ್ಕ ಒಣಗುಡ್ಡ ಒಮ್ಮೆ ನೆರೆಬಯಲಾಗಿತ್ತು ಎಂದು ತಿಳಿಯುವುದು ಹೇಗೆ?

ಓದುಗರ ಪ್ರಶ್ನೆ: ಡೈನೋಸಾರ್ ಪಳೆಯುಳಿಕೆ ಸಿಕ್ಕ ಜಾಗ ಒಂದು ಕಾಲಕ್ಕೆ ನದಿಯ ನೆರೆ ಹರಡುತ್ತಿದ್ದ ಬಯಲಾಗಿತ್ತು ಎಂದು ವಿಜ್ಞಾನಿಗಳು ಯಾವ ಆಧಾರದ ಮೇಲೆ ಹೇಳುತ್ತಾರೆ?

ಉತ್ತರ: ಇದರ ಸುಳಿವು ಮೂಳೆಗಿಂತ ಹೆಚ್ಚಾಗಿ ಅದನ್ನು ಹುದುಗಿಸಿಕೊಂಡ ಕಲ್ಲಿನಲ್ಲಿರುತ್ತದೆ. ನದಿಯ ಪಾತ್ರದಲ್ಲಿ ಸೆಳೆತ ಜೋರಾಗಿರುವುದರಿಂದ ಅಲ್ಲಿ ಮರಳು ಮತ್ತು ನುಣುಪಾದ ಉರುಟುಕಲ್ಲುಗಳಷ್ಟೇ ನಿಲ್ಲುತ್ತವೆ. ದಡ ಮೀರಿ ಹರಡಿದ ನೀರು ಮಾತ್ರ ನಿಧಾನವಾಗುತ್ತ ನುಣ್ಣನೆಯ ಹೂಳನ್ನು ಬಿಟ್ಟುಹೋಗುತ್ತದೆ. ಹೀಗಾಗಿ ಓರೆಪದರಗಳಿರುವ ಮರಳುಗಲ್ಲು ಹಳೆಯ ಪಾತ್ರವನ್ನೂ, ಅದರ ಆಚೀಚೆ ಹಾಸಿದ ಜೇಡಿಗಲ್ಲು ಬಯಲನ್ನೂ ಸೂಚಿಸುತ್ತವೆ. ಓರೆಪದರಗಳು ಇಳಿಯುವ ದಿಕ್ಕನ್ನು ಹಲವೆಡೆ ಅಳೆದರೆ ನೀರು ಯಾವ ಕಡೆಗೆ ಹರಿಯುತ್ತಿತ್ತು ಎಂಬುದೂ ತಿಳಿಯುತ್ತದೆ.

ಜೇಡಿಗಲ್ಲನ್ನು ಹತ್ತಿರದಿಂದ ನೋಡಬೇಕು. ಕೆಂಪು ಕಲ್ಲಿನೊಳಗೆ ಕೆಳಕ್ಕಿಳಿದಂತೆ ಸಣ್ಣದಾಗುತ್ತ ಕವಲೊಡೆಯುವ ಬೂದುಹಸಿರು ಗೆರೆಗಳು ಕಂಡರೆ ಅವು ಬಹುಪಾಲು ಬೇರಿನ ಗುರುತುಗಳು: ಬೇರು ಕೊಳೆಯುವಾಗ ಸುತ್ತಲಿನ ಆಮ್ಲಜನಕ ಮುಗಿದು, ಕಬ್ಬಿಣದ ಕೆಂಪು ಅಲ್ಲಿ ಮಾತ್ರ ಅಳಿಸಿಹೋಗಿರುತ್ತದೆ. ಜೊತೆಗೆ ಸುಣ್ಣದ ಗಂಟುಗಳೂ ಇದ್ದರೆ, ಆ ಹೂಳು ಮುಂದಿನ ದಪ್ಪ ಪದರ ಬೀಳುವ ಮುನ್ನ ಬಹುಕಾಲ ಗಿಡಗಳನ್ನು ಹೊತ್ತ ಮಣ್ಣಾಗಿಯೇ ಉಳಿದಿತ್ತು, ಅಲ್ಲಿ ನೀರು ಆರಿಹೋಗುವ ಒಣ ಋತುವಿತ್ತು ಎಂದು ಊಹಿಸಬಹುದು.

ಹೂತುಹೋಗುವ ಮುನ್ನ ಮೂಳೆ ಎಷ್ಟು ಕಾಲ ಬಯಲಲ್ಲಿ ಬಿದ್ದಿತ್ತು ಎಂಬುದನ್ನು ಅದರ ಮೈಯೂ ಹೇಳುತ್ತದೆ. ಕೀನ್ಯಾದ ಅಂಬೋಸೆಲಿಯಲ್ಲಿ ಬಯಲಲ್ಲಿ ಬಿದ್ದ ಪ್ರಾಣಿಗಳ ಮೂಳೆಗಳನ್ನು ಗಮನಿಸಿದ ಪಳೆಯುಳಿಕೆ ವಿಜ್ಞಾನಿ ಆನಾ ಬೆಹ್ರೆನ್ಸ್‌ಮೇಯರ್, 1978ರಲ್ಲಿ, ಅವು ಬಿಸಿಲುಗಾಳಿಗೆ ಬಿರಿದು ಚಕ್ಕೆಯೆದ್ದು ಪುಡಿಯಾಗುವ ಬಗೆಯನ್ನು 0ಯಿಂದ 5ರವರೆಗಿನ ಹಂತಗಳಾಗಿ ವಿಂಗಡಿಸಿದರು. ಬಿರುಕಿಲ್ಲದ ಮೂಳೆ ಬೇಗನೆ ಹೂತುಹೋದದ್ದು. ಆದರೆ ಹರಿವ ನೀರು ಬೆನ್ನುಮೂಳೆಯ ಹಗುರ ತುಂಡುಗಳನ್ನು ಮೊದಲು ಒಯ್ದು ತಲೆಬುರುಡೆ, ದವಡೆಗಳನ್ನು ಹಿಂದೆ ಬಿಡುವುದುಂಟು. ಆದ್ದರಿಂದ ಪಾತ್ರದ ಮರಳಿನಲ್ಲಿ ಸಿಕ್ಕ ಬಿಡಿಮೂಳೆಯನ್ನು ಕಂಡು ಪ್ರಾಣಿ ಅಲ್ಲೇ ಸತ್ತಿತೆನ್ನುವುದು ದುಡುಕಾದೀತು. ಕೆನಡಾದ ಆಲ್ಬರ್ಟಾದಲ್ಲಿ ಸುಮಾರು 7.6 ಕೋಟಿ ವರ್ಷ ಹಿಂದಿನ ಪದರಗಳಲ್ಲಿ ಕೊಂಬಿನ ಸೆಂಟ್ರೋಸಾರಸ್ ಮೂಳೆಗಳು ರಾಶಿರಾಶಿಯಾಗಿ ಸಿಗುತ್ತವೆ. ಹಿಂಡುಗಳೇ ಪ್ರವಾಹದಲ್ಲಿ ಮುಳುಗಿದ್ದಿರಬಹುದು ಎಂಬ ವಾದಕ್ಕೆ ಬಲ ಬಂದದ್ದು ಒಂದೇ ಜಾತಿಯ ಇಷ್ಟು ಮೂಳೆಗಳು ಒಟ್ಟಿಗಿರುವುದರಿಂದ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಕಾಣೆಯಾದವುಗಳ ವಿಷಯ. ನೀರು ಬಸಿದುಹೋಗುವ ಸುಣ್ಣದ ಮಣ್ಣಿನಲ್ಲಿ ಮೂಳೆ ಉಳಿಯುತ್ತದೆ, ಎಲೆ ಕೊಳೆಯುತ್ತದೆ. ಜೌಗಿನ ಆಮ್ಲೀಯ ಕೆಸರಿನಲ್ಲಿ ಎಲೆ ಉಳಿಯುತ್ತದೆ, ಮೂಳೆ ಕರಗುತ್ತದೆ. ಮೂಳೆ ತುಂಬಿದ ಕೆಂಪು ಪದರದಲ್ಲಿ ಎಲೆಯೊಂದೂ ಸಿಗದಿದ್ದರೆ ಆ ಬಯಲು ಬೋಳಾಗಿತ್ತು ಎನ್ನುವಂತಿಲ್ಲ. ಅಲ್ಲಿ ಏನು ಬೆಳೆದಿತ್ತೆಂದು ತಿಳಿಯಲು ಅದೇ ಕಾಲದ, ಪಕ್ಕದ ಬೂದು ಕೆರೆಹೂಳಿನಲ್ಲಿ ಪರಾಗವನ್ನು ಹುಡುಕಬೇಕಾಗುತ್ತದೆ.