ಒಂದು ಯೂನಿಟ್ ಕರೆಂಟಿಗೆ ಎಷ್ಟು ಕೊಡ ನೀರು?

ಏಳನೇ ಕ್ಲಾಸಿನ ಮಕ್ಕಳಿಗೆ ಶಕ್ತಿಯ ಮೂಲಗಳ ಪಾಠವನ್ನು ಪಟ್ಟಿಯಿಂದ ಶುರು ಮಾಡಬೇಡಿ ಎಂದು ಹೊಸ ಶಿಕ್ಷಕರಿಗೆ ನಾನು ಹೇಳುತ್ತಿರುತ್ತೇನೆ. ನವೀಕರಿಸಬಹುದಾದವು, ನವೀಕರಿಸಲಾಗದವು ಅಂತ ಎರಡು ಕಾಲಂ ಹಾಕಿಸಿದರೆ ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಮಾರ್ಕ್ಸೂ ಬರುತ್ತದೆ. ಆದರೆ ‘ಕರೆಂಟ್ ಎಲ್ಲಿಂದ ಬರುತ್ತೆ?’ ಅಂತ ಕೇಳಿ ನೋಡಿ. ‘ಮೀಟರಿಂದ ಸರ್’ ಅನ್ನುತ್ತಾರೆ. ಶಕ್ತಿ ಅಂದರೆ ಎಷ್ಟು ಅನ್ನುವುದು ಮೊದಲು ಮೈಗೆ ಗೊತ್ತಾಗಬೇಕು. ಎಲ್ಲಿಂದ ಬಂತು, ಹೇಗೆ ಉಳಿಸುವುದು ಅನ್ನುವ ಮಾತು ಆಮೇಲೆ.

ಮುಂಬೈಯ ನಮ್ಮ ಕನ್ನಡ ಶಾಲೆಗೆ ಬರುವ ಮಕ್ಕಳಲ್ಲಿ ಚಾಳಿನವರು, ಅಂದರೆ ಒಂದೊಂದು ಕೋಣೆಯ ಮನೆಗಳ ಸಾಲು ಕಟ್ಟಡಗಳಲ್ಲಿ ಇರುವವರು, ಜಾಸ್ತಿ. ಕೊಡ ಹೊತ್ತು ಮೆಟ್ಟಿಲು ಹತ್ತಿದ ಅನುಭವ ಅವರಿಗಿದೆ. ಅದನ್ನೇ ಲೆಕ್ಕಕ್ಕೆ ತರುತ್ತೇನೆ. ಕೊಡದಲ್ಲಿ 10 ಲೀಟರ್ ನೀರು, ಒಂದು ಮಹಡಿ ಅಂದರೆ ಸುಮಾರು 3 ಮೀಟರ್. ಆ ನೀರನ್ನು ಮೇಲೇರಿಸಲು ಬೇಕಾದ ಶಕ್ತಿ ಸುಮಾರು 300 ಜೂಲ್. ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಭಾಗಿಸಿ ನೋಡಿದರೆ 12,000 ಕೊಡ! ಆ ಸಂಖ್ಯೆ ಬೋರ್ಡಿನ ಮೇಲೆ ಬಿದ್ದಾಗ ಮಕ್ಕಳು ತಾವೇ ಇನ್ನೊಂದು ಸಲ ಲೆಕ್ಕ ಹಾಕುತ್ತಾರೆ, ನನ್ನನ್ನು ನಂಬುವುದಿಲ್ಲ. ಹಾಗೆ ನಂಬದೇ ಇರುವುದೇ ನನಗೆ ಬೇಕಾದದ್ದು.

ಇಷ್ಟಾದ ಮೇಲೆ ಮುಂಬೈ–ಪುಣೆ ದಾರಿಯಲ್ಲಿ ಘಟ್ಟದ ಬುಡದಲ್ಲಿರುವ ಖೋಪೋಲಿಯ ಕಥೆ ಹೇಳಬಹುದು. ಲೋಣಾವಳದ ಸುತ್ತ ಕೆರೆ ಕಟ್ಟಿ, ಮಳೆನೀರು ಹಿಡಿದಿಟ್ಟು, ಘಟ್ಟದ ಕೆಳಗೆ ಪೈಪಿನಲ್ಲಿ ಬೀಳಿಸಿ ಟಾಟಾ ಕಂಪನಿ 1915ರಲ್ಲಿ ಅಲ್ಲಿ ಕರೆಂಟ್ ತಯಾರಿಸಲು ಶುರು ಮಾಡಿತು. ಅದು ಮೊದಲು ಹೋದದ್ದು ಮುಂಬೈಯ ಬಟ್ಟೆ ಗಿರಣಿಗಳಿಗೆ. ನೀರು ಬೀಳುವ ಎತ್ತರ ಸುಮಾರು 500 ಮೀಟರ್. ನಷ್ಟವನ್ನೂ ಸೇರಿಸಿದರೆ ಒಂದು ಯೂನಿಟ್‌ಗೆ 800 ಲೀಟರಿಗಿಂತ ಜಾಸ್ತಿ ನೀರು ಅಷ್ಟು ಎತ್ತರದಿಂದ ಇಳಿಯಬೇಕು. ಕೊಡ ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಲಿದ್ದಲಿನ ಪಾಠ ಮಾಡುವಾಗ ಊರು ನೆನಪಿಸುತ್ತೇನೆ. ರಾಯಚೂರು ಕಡೆಯ ಮಕ್ಕಳು ರೈಲಿನಲ್ಲಿ ಕೃಷ್ಣಾ ನದಿ ದಾಟುವಾಗ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ನೋಡಿರುತ್ತಾರೆ. ವಿಜಯಪುರದವರಿಗೆ ಕೂಡಗಿ ಗೊತ್ತು, ಕರಾವಳಿಯವರಿಗೆ ಪಡುಬಿದ್ರಿ ಹತ್ತಿರದ ಸ್ಥಾವರ. ಮಗು ತಾನೇ ಕಂಡದ್ದನ್ನು ಹೇಳಿದರೆ ಅರ್ಧ ಪಾಠ ಮುಗಿದಂತೆ.

ಈ ವಯಸ್ಸಿನ ಮಕ್ಕಳು ಕೇಳುವ ಒಂದು ಪ್ರಶ್ನೆ ನನಗೆ ಬಹಳ ಇಷ್ಟ. ‘ಸರ್, ಶಕ್ತಿ ನಾಶವಾಗಲ್ಲ ಅಂತ ನೀವೇ ಹೇಳಿದ್ರಿ. ಮತ್ತೆ ಉಳಿಸೋದು ಯಾಕೆ?’ ಸುಮ್ನೆ ಕೂತ್ಕೋ ಅನ್ನಬೇಡಿ. ಇಡೀ ಅಧ್ಯಾಯದ ಜೀವ ಇರುವುದು ಇಲ್ಲೇ. ಕಿಟಕಿ ಬಾಗಿಲು ಮುಚ್ಚಿದ ಖಾಲಿ ಕೋಣೆಯಲ್ಲಿ ಥರ್ಮಾಮೀಟರ್ ತೂಗುಹಾಕಿ ಫ್ಯಾನ್ ಹಾಕಿಸಿ. ಫ್ಯಾನ್ ತಿರುಗಿದ್ದಕ್ಕೆ ಕೋಣೆ ತಣ್ಣಗಾಗುವುದಿಲ್ಲ, ಪಾದರಸ ಇಳಿಯುವುದಿಲ್ಲ. ನಮಗೆ ತಂಪೆನಿಸುವುದು ಬೆವರು ಆರುವುದರಿಂದ. ಹಳೇ ಫ್ಯಾನ್ ಎಳೆಯುವ 75 ವ್ಯಾಟ್ ಪೂರ್ತಿ ಕೊನೆಗೆ ಬಿಸಿಯಾಗಿ ಅದೇ ಗಾಳಿಯಲ್ಲಿ ಹರಡುತ್ತದೆ. ಶಕ್ತಿ ನಾಶವಾಗಿಲ್ಲ, ನಿಜ. ಆದರೆ ಹಾಗೆ ಚದುರಿದ ಬಿಸಿಯನ್ನು ಒಟ್ಟುಮಾಡಿ ಮತ್ತೆ ಫ್ಯಾನ್ ತಿರುಗಿಸಲು ಆಗುವುದಿಲ್ಲ. ಅದಕ್ಕೆ ಮತ್ತೆ ಖೋಪೋಲಿಯ ನೀರೇ ಬೇಕು, ಶಕ್ತಿನಗರದ ಕಲ್ಲಿದ್ದಲೇ ಬೇಕು. ಯಾರೂ ಇಲ್ಲದ ಕೋಣೆಯ ಫ್ಯಾನ್ ಯಾಕೆ ಆರಿಸಬೇಕು ಅಂತ ಇದಾದ ಮೇಲೆ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಉಳಿತಾಯ ಅಂದರೆ ಲೈಟ್ ಆರಿಸುವುದು ಅಂತಲೇ ಎಲ್ಲ ಪೋಸ್ಟರಿನಲ್ಲೂ ಬರೆಯುತ್ತಾರೆ. ಆರಿಸಲಿ, ಒಳ್ಳೆಯದೇ. ಆದರೆ ದೊಡ್ಡ ಖರ್ಚು ಎಲ್ಲಿದೆ ಅಂತ ಗೊತ್ತಿರಬೇಕಲ್ವಾ? ಬಕೆಟ್ಟಿಗೆ ಇಳಿಬಿಡುವ 1500 ವ್ಯಾಟಿನ ರಾಡ್ 20 ನಿಮಿಷಕ್ಕೆ ಅರ್ಧ ಯೂನಿಟ್ ತಿನ್ನುತ್ತದೆ. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್ಇಡಿ ಬಲ್ಬ್ 55 ಗಂಟೆ ಉರಿಯುತ್ತದೆ. ನೀರನ್ನು ಕುದಿಯುವ ತನಕ ಕಾಯಿಸಿ, ಆಮೇಲೆ ತಣ್ಣೀರು ಬೆರೆಸುವ ಮನೆ ಎಷ್ಟಿಲ್ಲ! ಬೇಕಾದಷ್ಟೇ ಬಿಸಿ ಮಾಡಿದರೆ ಆಯಿತು. ಅನ್ನಕ್ಕೆ ಎಸರಿಟ್ಟಾಗ ಮುಚ್ಚಳ ಮುಚ್ಚುವುದೂ ಹೀಗೇ. ಒಂದೇ ಅಳತೆಯ ನೀರು, ಒಂದೇ ಪಾತ್ರೆ, ಒಂದೇ ಉರಿ. ಒಮ್ಮೆ ಮುಚ್ಚಿ, ಒಮ್ಮೆ ತೆರೆದು, ಎಷ್ಟು ಹೊತ್ತಿಗೆ ಕುದಿಯಿತು ಅಂತ ಅಮ್ಮನ ಜೊತೆ ನಿಂತು ಬರೆದುಕೊಂಡು ಬರಲಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಒಂದು ಬಲ್ಬ್, ಒಂದು ಫ್ಯಾನಿನ ಖೋಲಿಯಲ್ಲಿ ಬೆಳೆಯುವ ಮಗುವಿನ ಮುಂದೆ ‘ನೀವು ಕರೆಂಟ್ ಹಾಳು ಮಾಡ್ತೀರಿ’ ಅಂತ ಭಾಷಣ ಮಾಡಬೇಡಿ. ಅದು ಅನ್ಯಾಯ. ಓದಲು ಬೆಳಕು, ಮಲಗಲು ಗಾಳಿ ಅದಕ್ಕೆ ಸಿಗಲೇಬೇಕು.

ಅದರ ಬದಲು ಮೀಟರ್ ಓದಲು ಕಲಿಸಿ. ಈಗಿನ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಮೇಲೆಯೇ ಬರೆದಿರುತ್ತದೆ, ಹಲವು ಮೀಟರುಗಳಲ್ಲಿ ಅದು 3200. ಹಾಗಿದ್ದರೆ, ಹಳೇ ಫ್ಯಾನ್ ಒಂದೇ ಓಡುತ್ತಿರುವಾಗ 15 ಸೆಕೆಂಡಿಗೊಮ್ಮೆ ಮಿಣುಕು. ರಾಡ್ ಹಾಕಿದರೆ ಮೂರು ಸೆಕೆಂಡಿಗೆ ನಾಲ್ಕು. ಮನೆಯಲ್ಲಿ ಯಾವ ಯಾವ ಸ್ವಿಚ್ ಹಾಕಿದಾಗ ಎಷ್ಟು ಮಿಣುಕು ಅಂತ ಮಕ್ಕಳು ತಾವೇ ಪಟ್ಟಿ ಮಾಡಲಿ. ದೊಡ್ಡವರು ಪಕ್ಕದಲ್ಲಿರಬೇಕು, ದೂರ ನಿಂತು ನೋಡಬೇಕು. ಮೀಟರ್ ಡಬ್ಬಿಗೆ ಮಾತ್ರ ಯಾರೂ ಕೈ ಹಾಕಬಾರದು.